ಕುತ್ತಿಗೆಯಿಂದ ಕೆಳಗೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಮನೆಯವರೆಲ್ಲ ಹೇಳ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ನಮ್ಮ ಮನೆಗೆ ಕಜ್ಜಿ ಬಂದಾಗ ನಾನು ಕೋಪ ತೋರಿಸಿದ್ದು ಒಂದು ಕಡೆ, ತಪ್ಪಿದ್ದದ್ದು ಇನ್ನೊಂದು ಕಡೆ. ಅದನ್ನ ನಾನೇ ಹೇಳೋದು ವಾಸಿ. ಬೇರೆಯವರ ಬಾಯಿಗೆ ಬಿದ್ದರೆ ಒಂದಕ್ಕೆ ನಾಲ್ಕು ಸೇರುತ್ತೆ.

ಮನೆಯಲ್ಲಿ ನಾವು ಆರು ಜನ. ಅತ್ತೆ, ನನ್ನ ಗಂಡ, ನಾನು, ನಾಲ್ಕು ವರ್ಷದ ಮಗಳು ಪುಟ್ಟಿ, ಮೈದುನ, ಅವನ ಹೊಸ ಹೆಂಡತಿ. ನನ್ನ ಈ ಓರಗಿತ್ತಿ ಮದುವೆಗೆ ಮುಂಚೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಮೆತ್ತಗಿನ ಹುಡುಗಿ, ಬಾಗಿಲು ಹಾಕಿದರೂ ಸದ್ದು ಬರಲ್ಲ. ಅವಳು ಬಂದ ಹತ್ತನೇ ದಿನಕ್ಕೆ ಪುಟ್ಟಿ ಕೆರೆದುಕೊಳ್ಳೋಕೆ ಶುರು ಮಾಡಿದಳು. ಸೊಂಟ, ಹೊಟ್ಟೆ, ಮಣಿಕಟ್ಟು. ಆಮೇಲೆ ಅತ್ತೆ. ಆಮೇಲೆ ನನ್ನ ಗಂಡ, ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ಉಜ್ಜಿಕೊಂಡು ನಿಂತುಬಿಡೋರು.

ಪುಟ್ಟಿಯನ್ನ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿದ ತಕ್ಷಣ ಹೇಳಿದರು, "ಕಜ್ಜಿ ಇದು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದೊಳಗೆ ಬಿಲ ತೋಡುತ್ತೆ. ಗಾಬರಿ ಬೇಡ. ಈ ಕ್ರೀಮನ್ನ ಕುತ್ತಿಗೆಯಿಂದ ಕೆಳಗೆ, ಉಗುರಿನ ಸಂದಿಯವರೆಗೆ, ಒಂದಿಂಚೂ ಬಿಡದೆ ಹಚ್ಚಬೇಕು. ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ದಿನ. ಸಂಜೆ ಹಚ್ಚಿ ಬೆಳಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಂದು ಸಲ."

ಮನೆಗೆ ಬಂದು ಹೇಳಿದರೆ ಅತ್ತೆ ಎದೆ ಮುಟ್ಟಿಕೊಂಡರು. "ಕಜ್ಜಿಯಾ? ನಮ್ಮ ವಂಶದಲ್ಲೇ ಇಲ್ಲ ಕಣೆ!"

"ವಂಶದಲ್ಲಿ ಬರೋಕೆ ಅದೇನು ಉದ್ದ ಮೂಗಾ ಅತ್ತೆ?" ಅಂದೆ. ಅಂದೆನೇ ಹೊರತು ನನ್ನ ಕಣ್ಣು ಆಗಲೇ ಓರಗಿತ್ತಿಯ ಮೇಲಿತ್ತು. ಅರವತ್ತು ಹುಡುಗಿಯರ ಹಾಸ್ಟೆಲು, ಒಂದರ ಪಕ್ಕ ಒಂದು ಮಂಚ. ಇನ್ನೆಲ್ಲಿಂದ ಬರುತ್ತೆ?

ಶನಿವಾರ ಸಂಜೆ ಕ್ರೀಮು ಹಚ್ಚೋ ಯಜಮಾನಿಕೆ ನಾನೇ ತಗೊಂಡೆ. ಮೊದಲು ಪುಟ್ಟಿಗೆ, ಅವಳು ಕಚಗುಳಿ ಅಂತ ಕುಣಿದಾಡಿದಳು. ಆಮೇಲೆ ಅತ್ತೆಗೆ. "ನಿಮ್ಮ ಮಾವ ಬದುಕಿದ್ದಾಗಲೂ ನನಗೆ ಇಷ್ಟು ಉಪಚಾರ ಮಾಡಿರಲಿಲ್ಲ" ಅಂದರು. ಗಂಡಸರಿಬ್ಬರೂ ಗೋಡೆಗೆ ಸುಣ್ಣ ಬಳಿಯೋರ ಹಾಗೆ ಒಬ್ಬರ ಬೆನ್ನಿಗೊಬ್ಬರು ಬಳಿದುಕೊಂಡರು. ಓರಗಿತ್ತಿಗೆ ಮಾತ್ರ ಟ್ಯೂಬನ್ನ ಮೇಜಿನ ಮೇಲಿಟ್ಟು, "ತಗೊಂಡು ಹೋಗಿ ನೀನೇ ಹಚ್ಕೋ" ಅಂದೆ. ಅವಳ ಬೆನ್ನಿಗೆ ಯಾರು ಹಚ್ಚುತ್ತಾರೆ ಅಂತ ನಾನು ಕೇಳಲೂ ಇಲ್ಲ. ಕೊನೆಗೆ ನಾನು ಹಚ್ಚಿಕೊಂಡು, ಕೈ ತೊಳೆದು, ಮನೆಯ ಹೊದಿಕೆಗಳನ್ನೆಲ್ಲ ಬಿಸಿನೀರಿಗೆ ಹಾಕಿದೆ. ಮುಂದಿನ ಶನಿವಾರವೂ ಇದೇ ಕವಾಯತು.

ಎಂಟು ದಿನ ತಣ್ಣಗಿತ್ತು. ಆಮೇಲೆ ನೋಡಿದರೆ ಪುಟ್ಟಿಯ ಹೊಟ್ಟೆಯ ಮೇಲೆ ಹೊಸ ಗುಳ್ಳೆ! ನನ್ನ ಮೈಯೆಲ್ಲ ಉರಿದುಹೋಯಿತು. ಊಟಕ್ಕೆ ಕೂತಾಗ ಎಲ್ಲರೆದುರೇ ಓರಗಿತ್ತಿಗೆ ಕೇಳಿದೆ, "ನೀನು ಸರಿಯಾಗಿ ಹಚ್ಕೊಂಡಿಲ್ಲ ಅಲ್ವಾ?"

"ಹಚ್ಕೊಂಡಿದ್ದೀನಿ ಅಕ್ಕ. ಕಾಲ್ಬೆರಳ ಸಂದಿಗೂ."

"ಹಂಗಾದರೆ ಇದು ಆಕಾಶದಿಂದ ಉದುರಿತಾ?"

ಅವಳು ತಲೆ ತಗ್ಗಿಸಿದಳು. ನನ್ನ ಗಂಡ ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಅವರದು. ಮಾರನೇ ದಿನದಿಂದ ಅವಳ ತಟ್ಟೆ ಲೋಟ ಬೇರೆ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಇಲ್ಲ, ಅವಳ ಅಮ್ಮನಿಗೆ ಫೋನ್ ಮಾಡಿದೆ. "ನಿಮ್ಮ ಮಗಳು ಹಾಸ್ಟೆಲಿಂದ ಕಜ್ಜಿ ತಂದು ಮನೆಗೆಲ್ಲ ಹಂಚಿದ್ದಾಳೆ. ಗುಣವಾಗೋವರೆಗೂ ನಿಮ್ಮಲ್ಲೇ ಇಟ್ಕೊಳ್ಳಿ." ಆಯಮ್ಮ, "ಕಳಿಸಿಕೊಡಿ" ಅಂದರು, ಅಷ್ಟೇ.

ಓರಗಿತ್ತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮೈದುನ ನನ್ನ ಮೇಲೆ ಹಾರಾಡಿದ. ಅವಳೇ ಅವನನ್ನ ತಡೆದು, "ಭಾನುವಾರ ಹೋಗ್ತೀನಿ. ಹೋದಮೇಲೆ ಈ ಮನೆಗೆ ಮತ್ತೆ ಬರಲ್ಲ. ನಿಮಗೆ ನಾನು ಬೇಕಿದ್ದರೆ ನೀವೇ ಅಲ್ಲಿಗೆ ಬನ್ನಿ" ಅಂದಳು. ದನಿ ಏರಿಸಲಿಲ್ಲ. ಮೈದುನ ಆ ಸಂಜೆಯೇ ಬಾಡಿಗೆ ಮನೆ ಹುಡುಕೋಕೆ ಹೊರಟ. ಅತ್ತೆ ಊಟ ಬಿಟ್ಟರು. ಮನೆ ಎರಡಾಗೋದು ಖಂಡಿತ ಅಂತ ಗೊತ್ತಿದ್ದೂ ನಾನು, ಆಗಲಿ ಬಿಡು, ನನ್ನ ಮಗುವಿಗಿಂತ ಹೆಚ್ಚಾ, ಅಂದುಕೊಂಡೆ.

ಶುಕ್ರವಾರ ಪುಟ್ಟಿಯನ್ನ ಎತ್ತಿಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ಔಷಧಿಗಿಂತ ಹೆಚ್ಚಾಗಿ, ದೂರು ಹೇಳೋಕೆ. ಅವರು ಕೇಳಿಸಿಕೊಂಡು, "ಮಗುವಿಗೆ ಹಚ್ಚಿದ್ದು ಯಾರು?" ಅಂದರು.

"ನಾನೇ. ಅತ್ತೆಗೂ ನಾನೇ."

"ಹಚ್ಚಿದಮೇಲೆ ಏನು ಮಾಡಿದಿರಿ?"

"ಏನು ಮಾಡ್ತಾರೆ? ಸೋಪು ಹಾಕಿ ಕೈ ತೊಳೆದುಕೊಂಡೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮತ್ತೆ ಕೈಗೆ ಹಚ್ಚಿಕೊಂಡಿರಾ?"

ಇಲ್ಲ, ಹಚ್ಚಿಕೊಂಡಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸೋದು ನನ್ನ ಕೆಲಸ. ಬೆರಳಿನ ಜಿಡ್ಡು ಗಾಜಿಗೆ ತಾಗಿದರೆ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡೂ ಮಂಜು ಮಂಜು ಅಂತಾನೆ. ಹನ್ನೊಂದು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆದವಳು ನಾನು. ಕೈಗೆ ಜಿಡ್ಡು ಅಂಟಿದರೆ ಕಾಲು ತಾನಾಗಿಯೇ ನಲ್ಲಿಯ ಕಡೆ ಹೋಗುತ್ತೆ. ಬೆರಳ ಸಂದಿ ಕೆಂಪಾಗಿ ತುರಿಸುತ್ತಿದ್ದದ್ದನ್ನೂ ಸೋಪಿನ ಕಾಟ ಅಂತಲೇ ಬಿಟ್ಟಿದ್ದೆ.

"ಕೈ ಕೊಡಿ" ಅಂದರು. ದೀಪ ಹಾಕಿ, ಭೂತಗನ್ನಡಿ ಹಿಡಿದರು. "ನೀವೇ ನೋಡಿ." ನೋಡಿದೆ. ಎರಡು ಬೆರಳ ನಡುವೆ ಬೂದು ಬಣ್ಣದ ಸಣ್ಣ ಗೆರೆಗಳು, ನೂಲಿನ ಚೂರು ಅಂಟಿದ ಹಾಗೆ. "ಇವೇ ಬಿಲಗಳು. ಈ ಕೈಯಲ್ಲೇ ಮಗುವಿಗೆ ದಿನಾ ಸ್ನಾನ ಮಾಡಿಸ್ತೀರಿ, ಮಲಗಿಸ್ತೀರಿ. ನಿಮಗೆ ತುರಿಕೆ ಯಾವಾಗಿಂದ?"

"ಮೈದುನನ ಮದುವೆಗೆ ಮುಂಚೆಯಿಂದ… ಆಗಲೇ ತಿಂಗಳ ಮೇಲಾಗಿತ್ತು."

"ಮೊದಲನೇ ಸಲ ಹತ್ತಿದಾಗ ತುರಿಕೆ ಶುರುವಾಗೋಕೇ ಸುಮಾರು ಒಂದು ತಿಂಗಳು ಬೇಕು. ಆಗ ಮನೆಗೆ ಬಂದು ಹತ್ತೇ ದಿನವಾಗಿದ್ದ ಹುಡುಗಿಯಿಂದ ನಿಮ್ಮ ಮಗುವಿಗೆ ಬಂದಿರೋದು ಕಷ್ಟ."

ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದ ಎಲೆಯ ನೊಣ ಓಡಿಸೋಕೆ ಹೋಗಿದ್ದೆ. ನನಗೆ ಎಲ್ಲಿಂದ ಹತ್ತಿತೋ ದೇವರೇ ಬಲ್ಲ. ಮನೆಗೆ ಬರೋ ದಾರಿಯುದ್ದಕ್ಕೂ ಯಾರಿಗೂ ಹೇಳದೆ ಕೈಗೊಂದಿಷ್ಟು ಕ್ರೀಮು ಹಚ್ಚಿಕೊಂಡು ಸುಮ್ಮನಿದ್ದುಬಿಡೋಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಅನ್ನಿಸಿತು.

ಆದರೆ ಬಾಗಿಲು ತೆಗೆದರೆ ಓರಗಿತ್ತಿಯ ಪೆಟ್ಟಿಗೆ ಎದುರಿಗೇ ಇತ್ತು. ನಡುಮನೆಯಲ್ಲೇ ನಿಂತು ಎಲ್ಲರನ್ನೂ ಕರೆದೆ. "ಅವಳದ್ದೇನೂ ತಪ್ಪಿಲ್ಲ. ಹುಳು ಇರೋದು ನನ್ನ ಕೈಯಲ್ಲಿ" ಅಂದೆ. ಅತ್ತೆ "ಅಯ್ಯೋ" ಅಂತ ಕೂತರು. ಮೈದುನ ನನ್ನ ಮುಖ ನೋಡಲಿಲ್ಲ. ಓರಗಿತ್ತಿ ಪೆಟ್ಟಿಗೆಯನ್ನ ಪಕ್ಕಕ್ಕೆ ಸರಿಸಿ, "ಟ್ಯೂಬು ಎಲ್ಲಿ?" ಅಂದಳು.

ಎಲ್ಲರೂ ಮತ್ತೆ ಹಚ್ಚಿಕೊಂಡಮೇಲೆ ಕೊನೆಗೆ ನನ್ನನ್ನ ಕೂರಿಸಿ, ಒಂದೊಂದೇ ಬೆರಳು ಹಿಡಿದು, ಉಗುರಿನ ಅಡಿಗೂ ಬಿಡದೆ ಹಚ್ಚಿದಳು. ಇಷ್ಟು ದಿನ ನಾನು ಮುಟ್ಟದೆ ದೂರ ಇಟ್ಟವಳು. ನನಗೆ ಅಳು ತಡೆಯೋಕಾಗಲಿಲ್ಲ.

"ತಪ್ಪಾಯ್ತು ಕಣೆ. ಹೊಟ್ಟೆಗೆ ಹಾಕ್ಕೋ."

"ನನಗೆ ಹೇಳಿದ್ದು ಆಯ್ತು ಅಕ್ಕ. ಅಮ್ಮನಿಗೆ ಯಾರು ಹೇಳ್ತಾರೆ? ಅವತ್ತಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ."

"ನಾಳೆ ಹೇಳ್ತೀನಿ. ಈಗ ಕೈಯೆಲ್ಲ ಕ್ರೀಮು, ಫೋನು ಹೇಗೆ ಹಿಡೀಲಿ?"

"ನಾನು ಹಿಡೀತೀನಿ."

ಅವಳ ಫೋನಿನಿಂದಲೇ ನಂಬರು ಒತ್ತಿ ನನ್ನ ಕಿವಿಗೆ ಹಿಡಿದಳು. ಎರಡೇ ಸಲ ರಿಂಗಾಯಿತು. "ಬಟ್ಟೆಯೆಲ್ಲ ತುಂಬಿಕೊಂಡ್ಯಾ ಕಂದ? ನಿನಗೆ ಮೆತ್ತಗಿನ ಹಾಸಿಗೆ ಹಾಕಿಟ್ಟಿದ್ದೀನಿ. ಯಾರೇನಂದರೂ ಅಳಬೇಡ" ಅಂದರು ಆಯಮ್ಮ.

"ನಾನು ಅವಳಲ್ಲ. ಅವಳ ಓರಗಿತ್ತಿ." ಅಂದೆ. "ಕಜ್ಜಿ ನಿಮ್ಮ ಮಗಳದಲ್ಲ. ನಂದು. ನಾನೇ ಎಲ್ಲರಿಗೂ ಹಂಚಿ ತಪ್ಪನ್ನ ಅವಳ ಮೇಲೆ ಹಾಕಿದೆ."

ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ. "ಹಾಗಾದರೆ ನನ್ನ ಮಗಳು ಬರಲ್ವಾ?" ಅಂತ ಕೇಳಿದರು.

ಓರಗಿತ್ತಿಯ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ಕಣ್ಣು ತುಂಬಿತ್ತು. ಫೋನಿನ ಹತ್ತಿರ ಬಾಗಿ ಹೇಳಿದಳು, "ಬರ್ತೀನಮ್ಮ. ಎರಡು ದಿನ ಇದ್ದು ವಾಪಸ್ ಹೊರಡ್ತೀನಿ. ಮುಂದಿನ ವಾರ ಅಕ್ಕನ ಕೈಗೆ ಇನ್ನೊಂದು ಸಲ ಹಚ್ಚಬೇಕು."