ಜೀಪ್ನಿ ತುಂಬುವುದರೊಳಗೆ

ಮಗಳ ಫೋನು ಬರದೆ ಎರಡು ಭಾನುವಾರ ಆಗಿತ್ತು. ಕ್ರೆಸೆನ್ಸಿಯಾ ಬಿದಿರ ತಟ್ಟಿಯ ಮೇಲೆ ಒಣಹಾಕಿದ ಮೀನು ಮಗುಚಿದಳು, ಒಳಗೆ ಹೋದಳು, ಮತ್ತೆ ಬಂದು ಮಗುಚಿದಳು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಗಳು ಜೊವೆಲಿನ್ ಕೊಲ್ಲಿ ದೇಶದಲ್ಲಿ ಮನೆಗೆಲಸಕ್ಕಿದ್ದಳು. ಅಪ್ಪ ಅಮ್ಮ ಚರ್ಚಿನಿಂದ ಬರುವ ಹೊತ್ತಿಗೆ ತಪ್ಪದೆ ಫೋನ್ ಮಾಡುವ ಹುಡುಗಿ.

ಕೊನೆಗೆ ಅವಳ ಗೆಳತಿಯ ಫೋನಿಂದ ಸಂದೇಶ ಬಂತು: “ಅಮ್ಮಾ, ನನ್ನ ಫೋನ್ ಕಿತ್ಕೊಂಡಿದಾರೆ. ಯಜಮಾನಿ ತಂಗಿ ಮನೇಲೂ ದುಡಿಸ್ತಾರೆ. ಮಲಗೋಕೇ ಬಿಡಲ್ಲ.”

ಓದಿದ್ದೇ ತಡ, ಗಂಡ ಒನೋಫ್ರೆ ಇಸ್ತ್ರಿ ಅಂಗಿ ತೊಟ್ಟು ಇಲೋಇಲೋ ಪೇಟೆಯ ರೇಡಿಯೊ ಕೇಂದ್ರಕ್ಕೆ ಹೊರಟೇಬಿಟ್ಟ. ಆ ಕಡೆಯವರಿಗೆ ಕಷ್ಟ ಬಂದರೆ ಮೊದಲು ನೆನಪಾಗುವುದೇ ರೇಡಿಯೊ. ಸಾಲಲ್ಲಿ ನಿಲ್ಲುವುದು, ಮೈಕು ಸಿಕ್ಕಿದೊಡನೆ ಅನ್ಯಾಯ ಮಾಡಿದವರ ಹೆಸರು ಹಿಡಿದು ಕೂಗುವುದು.

ಕ್ರೆಸೆನ್ಸಿಯಾಗೆ ದಿಗಿಲಾಯಿತು. ಪಕ್ಕದ ಮನೆಯ ಹಿಲ್ಡಾಳನ್ನು ಎಳೆದುಕೊಂಡು ಓಡಿದಳು. ಹಿಲ್ಡಾ ಅದೇ ಕೊಲ್ಲಿಯಲ್ಲಿ ವರ್ಷಗಟ್ಟಲೆ ದುಡಿದು ಬಂದವಳು. ಪುಣ್ಯಕ್ಕೆ ಪೇಟೆಗೆ ಜನ ಸಾಗಿಸುವ ಉದ್ದನೆ ಬಂಡಿ, ಜೀಪ್ನಿ, ಇನ್ನೂ ನಿಂತಿತ್ತು. ಸೀಟು ತುಂಬದೆ ಅದು ಹೊರಡುವುದುಂಟೇ? ಇಬ್ಬರೂ ಹತ್ತಿ ಒನೋಫ್ರೆಯ ಎದುರು ಕೂತರು.

“ಇನ್ನಿಬ್ರು ಬಂದ್ರೆ ಹೊರಟೆ!” ಎಂದು ಚಾಲಕ ಕೂಗಿದ.

“ಇಳೀರಿ ಅಣ್ಣ,” ಎಂದಳು ಹಿಲ್ಡಾ. “ರೇಡಿಯೊದಲ್ಲಿ ಹೇಳಿದ್ದು ಫೋನಿಂದ ಫೋನಿಗೆ ಹೋಗುತ್ತೆ. ಆ ಮನೆಯೋರ ಕಿವಿಗೂ ಬಿದ್ರೆ? ಕೋಪ ತೀರಿಸ್ಕೊಳ್ಳೋದು ಯಾರ ಮೇಲೆ? ಅವರ ಕೈಲಿರೋ ಹುಡುಗಿ ಮೇಲೆ.”

“ಮತ್ತೇನು, ಮೀನು ಕಾಯ್ತಾ ಕೂರ್ಲಾ?”

“ಅಲ್ಲಿರೋ ನಮ್ಮ ರಾಯಭಾರ ಕಚೇರಿಗೆ ಫೋನ್ ಮಾಡೋಣ.”

ಒನೋಫ್ರೆ ಮೂಗು ಮುರಿದ. “ಅವರಾ! ಸೂಟು ಹಾಕ್ಕೊಂಡು ಔತಣ ಉಣ್ಣೋರು. ಮನೆಗೆಲಸದೋಳ ಗೋಳು ಅವರಿಗ್ಯಾಕೆ?”

“ಅಲ್ಲೇ ಕಾರ್ಮಿಕ ಅಧಿಕಾರಿ ಅಂತ ಇರ್ತಾರೆ, ಅಣ್ಣ. ದುಡಿಯೋಕೆ ಹೋದೋರನ್ನ ನೋಡ್ಕೊಳ್ಳೋದೇ ಅವರ ಕೆಲಸ. ಆ ದೇಶದ ಕಾರ್ಮಿಕ ಕಾನೂನು ಅರೆದು ಕುಡಿದಿರ್ತಾರೆ. ಅಲ್ಲಿನ ಇಲಾಖೆಯೋರ ಜೊತೆ ಕೂತು ಮಾತಾಡೋರೂ ಅವರೇ. ಜೊವೆಲಿನ್ ಹೋಗೋ ಮುಂಚೆ ಅವಳ ಕರಾರು ನೋಡಿ ಒಪ್ಪಿದ್ದೂ ಅವರ ಕಚೇರಿನೇ.”

“ಹೋಗಿ ಬಾಗಿಲು ಒಡೀತಾರಾ?”

“ಇಲ್ಲಪ್ಪ, ಸುಳ್ಳು ಯಾಕೆ ಹೇಳ್ಲಿ? ಇನ್ನೊಬ್ರ ದೇಶ ಅದು. ಆದ್ರೆ ಕೆಲಸ ಕೊಡಿಸಿದ ಏಜೆನ್ಸಿಯೋರನ್ನ ಕರೆಸಿ ಕೇಳ್ತಾರೆ. ಜಗ್ಗದಿದ್ರೆ ಅಲ್ಲಿನ ಇಲಾಖೆಗೇ ದೂರು ಕೊಡ್ತಾರೆ. ನನ್ನನ್ನ ಬಿಡಿಸಿದ್ದೂ ಹಾಗೇ. ಅವರ ಆಶ್ರಯಮನೇಲಿ ಹುಣಸೆ ಸಾರು ಉಂಡು ಕಣ್ತುಂಬ ನಿದ್ದೆ ಮಾಡ್ದೆ.”

“ಇನ್ನೊಬ್ರು, ಇನ್ನೊಬ್ರೇ!” ಚಾಲಕ ಎಂಜಿನ್ ಶುರು ಮಾಡಿದ.

ಮೂಲೆಯಲ್ಲಿ ಕೋಳಿ ಹಿಡಿದು ಕೂತಿದ್ದ ಮುದುಕಿ ರೇಗಿದಳು. “ಇಳಿಯೋ ಮಾರಾಯ! ನೀನು ಗಂಟಲು ಹರ್ಕೊಂಡ್ರೆ ಮಗಳು ಬರ್ತಾಳಾ?”

ಒನೋಫ್ರೆ ಹೆಂಡತಿಯ ಮುಖ ನೋಡಿದ.

“ರೇಡಿಯೊ ಎಲ್ಲೂ ಓಡಿಹೋಗಲ್ಲ,” ಎಂದಳು ಕ್ರೆಸೆನ್ಸಿಯಾ. “ಮಗಳಿಗೇನಾದ್ರೂ ಆದ್ರೆ ನಾನು ನಿನ್ನ ಮುಖ ನೋಡಲ್ಲ.”

ಅವನು ಇಳಿದ. “ಅಯ್ಯೋ, ಒಂದೇ ಸಲ ಮೂರು ಸೀಟು ಖಾಲಿ!” ಎಂದು ಚಾಲಕ ತಲೆ ಚಚ್ಚಿಕೊಂಡ.

ಕರಾರಿನ ಪ್ರತಿ ಮನೆಯಲ್ಲಿ ಬಾಲಯೇಸುವಿನ ಮೂರ್ತಿಯ ಪಾದದಡಿ ಇತ್ತು. ಅದಕ್ಕೆ ಹೂವಿಟ್ಟಿದ್ದರೇ ಹೊರತು ಯಾರೂ ಓದಿರಲಿಲ್ಲ. ಈಗ ಹಿಲ್ಡಾ ಓದಿದಳು. ಒಂದೇ ಮನೆಯ ಕೆಲಸ, ವಾರಕ್ಕೊಂದು ರಜೆ, ಫೋನು ಅವಳ ಬಳಿಯೇ ಇರಬೇಕು. ಎಲ್ಲವೂ ಅದರಲ್ಲಿತ್ತು. ಯಜಮಾನನ ಹೆಸರು, ವಿಳಾಸ, ಏಜೆನ್ಸಿ, ಎಲ್ಲವನ್ನೂ ಹಿಲ್ಡಾ ಬಳಿಯಿದ್ದ ನಂಬರಿಗೆ ಫೋನ್ ಮಾಡಿ ಕಾರ್ಮಿಕ ಅಧಿಕಾರಿಗೆ ತಿಳಿಸಿದರು. “ಸಂದೇಶ ಕಳಿಸಲು ಫೋನ್ ಕೊಟ್ಟ ಗೆಳತಿಯ ಹೆಸರು ಎಲ್ಲೂ ಬಾಯಿಬಿಡಬೇಡಿ, ಅವಳಿಗೂ ತೊಂದರೆ,” ಎಂದರು ಆ ಅಧಿಕಾರಿ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮಗುಚಿ ಮಗುಚಿ ಮೀನೇ ಪುಡಿಯಾಯಿತು. ಒನೋಫ್ರೆ ಎರಡು ಸಲ ಇಸ್ತ್ರಿ ಅಂಗಿ ತೊಟ್ಟು, ಎರಡು ಸಲ ಬಿಚ್ಚಿದ.

ಆಮೇಲೊಂದು ಮಧ್ಯಾಹ್ನ ಫೋನು ಬಂತು.

“ಅಮ್ಮಾ, ನಾನು. ಕಾರ್ಮಿಕ ಅಧಿಕಾರಿ ಕಚೇರೀಲಿದೀನಿ. ಏಜೆನ್ಸಿಯೋರೇ ಕರ್ಕೊಂಡ್ ಬಂದ್ರು. ಹೊಟ್ಟೆ ತುಂಬ ಉಂಡೆ.”

ಕ್ರೆಸೆನ್ಸಿಯಾ ಅಳುತ್ತ ಫೋನನ್ನು ಗಂಡನ ಕೈಗಿಟ್ಟಳು. ಊರೆಲ್ಲ ಕೇಳುವಂತೆ ಕೂಗಲು ಹೊರಟಿದ್ದವನು ಈಗ ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ಅವಳ ದನಿಗೆ ಕಾದ.

“ಅಪ್ಪಾ, ಇದೀಯಾ?”

“ಇದೀನಿ ಮಗಳೇ,” ಎಂದ ಕೊನೆಗೆ.

ನಿಮ್ಮ ಮನೆಯಿಂದಲೂ ಯಾರಾದರೂ ದುಡಿಯಲು ಹೊರದೇಶಕ್ಕೆ ಹೊರಟಿದ್ದಾರೆಯೇ? ಪೆಟ್ಟಿಗೆ ಕಟ್ಟುವ ಮುಂಚೆ ಕರಾರನ್ನು ಕೂತು ಓದಿ, ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಅಲ್ಲಿ ನಮ್ಮವರ ಕಷ್ಟ ಕೇಳುವ ಅಧಿಕಾರಿ ಯಾರು ಎಂದು ಈಗಲೇ ವಿಚಾರಿಸಿ. ಆ ಕಚೇರಿಯ ನಂಬರನ್ನು ಹೋಗುವವರಿಗೆ ಬಾಯಿಪಾಠ ಮಾಡಿಸಿ. ಫೋನನ್ನು ಯಾರು ಬೇಕಾದರೂ ಕಿತ್ತುಕೊಂಡಾರು, ಬಾಯಿಪಾಠವನ್ನು ಕಿತ್ತುಕೊಳ್ಳಲಾರರು.