ಮೂರು ನೀರಲ್ಲಿ ತೊಳೆದ ಗೋಧಿ

ನನ್ನ ತಂಗಿ ನಾಹಿದಳ ಮದುವೆ ಗುರುವಾರ ಎಂದು ಗೊತ್ತಾಗಿತ್ತು. ಮಾರನೆಯ ಬೆಳಿಗ್ಗೆ ಹೆಣ್ಣಿನ ತಾಯಿ ಬೀಗರ ಮನೆಗೆ ತಟ್ಟೆ ಹೊರಿಸಿಕೊಂಡು ಹೋಗಬೇಕು. ತಟ್ಟೆಯಲ್ಲಿ ಬೇರೆ ಏನೇ ಇರಲಿ, ಹೊಟ್ಟೆಯೊಳಗೆ ಗೋಧಿನುಚ್ಚು ತುಂಬಿ ಬೇಯಿಸಿದ ಪಾರಿವಾಳದ ಮರಿಗಳು ಇಲ್ಲದಿದ್ದರೆ ಅದು ತಟ್ಟೆಯೇ ಅಲ್ಲ. ನಮ್ಮ ಫಯ್ಯೂಮ್ ಸೀಮೆಯ ಜನ ಮದುವೆಯ ಊಟ ಮರೆಯುತ್ತಾರೆ, ಮದುಮಗಳ ಬಂಗಾರ ಮರೆಯುತ್ತಾರೆ, ಆ ಬೆಳಗಿನ ಪಾರಿವಾಳ ಎಷ್ಟಿದ್ದವು ಎಂಬುದನ್ನು ಮಾತ್ರ ಮರೆಯುವುದಿಲ್ಲ. ಮೇಲಿನ ಓಣಿಯ ಒಬ್ಬಳ ತಾಯಿ ಎಂಟೇ ಎಂಟು ಕಳಿಸಿದ್ದಳು. ಹನ್ನೊಂದು ವರ್ಷವಾಯಿತು, ಮೂರು ಮಕ್ಕಳಾದವು, ಅವಳಿಗೆ ಈಗಲೂ 'ಎಂಟು ಪಾರಿವಾಳದವಳು' ಎಂದೇ ಹೆಸರು.

ನಮ್ಮಮ್ಮ ನಬವಿಯ್ಯಾ ಇಪ್ಪತ್ತನಾಲ್ಕು ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದಳು.

ನಮ್ಮದು ಮಣ್ಣಿನ ಗೋಪುರ. ಒಳಗೆ ಗೋಡೆಯ ತುಂಬ ಮಡಕೆಗಳು, ಒಂದೊಂದು ಮಡಕೆಯಲ್ಲಿ ಒಂದೊಂದು ಜೋಡಿಯ ಸಂಸಾರ. ಅಪ್ಪ ಸತ್ತು ಎಂಟು ವರ್ಷವಾಯಿತು. ಅಲ್ಲಿಂದ ಗೋಪುರ ಅಮ್ಮನದು. ಮದುವೆಗೆ ವಾರವಿರುವಾಗ ಅವಳು ಇನ್ನೂ ಹಾರಲು ಬಾರದ ಇಪ್ಪತ್ತನಾಲ್ಕು ಮರಿಗಳನ್ನು ಆರಿಸಿ ಮಹಡಿಯ ಗೂಡಿಗೆ ತಂದಳು. ಇನ್ನು ಕೊಬ್ಬಿಸುವ ಕೆಲಸ. ನೆನೆಸಿದ ಕಾಳನ್ನೂ ನೀರನ್ನೂ ತನ್ನ ಬಾಯಲ್ಲಿ ತುಂಬಿಕೊಂಡು, ಮರಿಯ ಕೊಕ್ಕನ್ನು ತುಟಿಗಳ ನಡುವೆ ಹಿಡಿದು ಊದುತ್ತಾಳೆ. ಕಾಳು ಸರ್ರನೆ ಮರಿಯ ಕತ್ತಿನ ಚೀಲಕ್ಕೆ ಇಳಿಯುತ್ತದೆ. ದಿನಕ್ಕೆರಡು ಸಲ. ಅವಳ ತಾಯಿಯೂ ಹೀಗೇ ಮಾಡುತ್ತಿದ್ದಳು. ನನಗೆ ಅಸಹ್ಯ, ನಾನು ಮಾಡುವುದಿಲ್ಲ.

"ಅದಕ್ಕೇ ಇಪ್ಪತ್ತೇಳಾದ್ರೂ ನಿನ್ನ ಕೇಳ್ಕೊಂಡು ಯಾರೂ ಬಂದಿಲ್ಲ," ಎನ್ನುತ್ತಾಳೆ ಅಮ್ಮ. ಪಾರಿವಾಳಕ್ಕೂ ಗಂಡಿಗೂ ಏನು ಸಂಬಂಧ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ.

ನಾನು ಊರಿನ ಸೊಸೈಟಿಯಲ್ಲಿ ಗುಮಾಸ್ತೆ. ಅದು ಗೋಧಿ ಬಿತ್ತುವ ಕಾಲ, ದಿನವಿಡೀ ಬಿತ್ತನೆ ಬೀಜ ಹಂಚುವ ಗದ್ದಲ. ಭಾನುವಾರ ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಅರ್ಧ ಚೀಲ ಗೋಧಿ ಕೂತಿತ್ತು.

"ನಿಮ್ಮ ದೊಡ್ಡಪ್ಪ ತಂದು ಹಾಕಿದ್ರು. ಮರಿಗಳಿಗೆ ಅಂತ. ಬೀಗಿತ್ತಿ ಮನೆಗೂ ಅರ್ಧ ಚೀಲ ಕೊಟ್ಟು ಬಂದ್ರಂತೆ," ಎಂದಳು ಅಮ್ಮ.

"ದೊಡ್ಡಪ್ಪನಾ? ಪುಕ್ಕಟೆನಾ?"

"ತಮ್ಮನ ಮಗಳ ಮದುವೆ ಅಂದ್ರೆ ಕಲ್ಲೂ ಕರಗುತ್ತೆ, ಬಾಯಿ ಮುಚ್ಚು."

ದೊಡ್ಡಪ್ಪ ಅಬ್ದುಲ್ ತವ್ವಾಬ್ ಟೀ ಕುಡಿಯುವಾಗ ಸಕ್ಕರೆ ಕಲಕುವುದಿಲ್ಲ. ತಳದಲ್ಲಿ ಸಕ್ಕರೆ ಉಳಿದಿದೆಯಲ್ಲ ಎಂದು ಅದಕ್ಕೆ ಇನ್ನೊಂದು ಲೋಟ ಟೀ ಕೇಳುತ್ತಾರೆ. ಅಂಥವರು ಕೈ ಬಿಚ್ಚಿದ್ದಾರೆ ಎಂದರೆ ನಾನು ಅಲ್ಲೇ ಯೋಚಿಸಬೇಕಿತ್ತು. ಆದರೆ ಕಾಲು ನೋಯುತ್ತಿತ್ತು. ಊಟ ಮಾಡಿ ಮಲಗಿದೆ.

ಮಂಗಳವಾರ ಬೆಳಿಗ್ಗೆ ಎರಡು ಮರಿಗಳು ಸತ್ತಿದ್ದವು. ಇನ್ನೊಂದು ಕಾಲು ಚಾಚಿ ನಡುಗುತ್ತಿತ್ತು, ಕತ್ತು ಹಿಂದಕ್ಕೆ ತಿರುಚಿಕೊಂಡಿತ್ತು. ಅಮ್ಮ ಮೂರನ್ನೂ ಸಾಲಾಗಿ ಇಟ್ಟು ನೋಡುತ್ತಿದ್ದಳು.

"ಕಣ್ಣು ಬಿದ್ದಿದೆ. ಶನಿವಾರ ಆ ಜನ್ನೂಬಾ ಬಂದು ಅಬ್ಬಬ್ಬಾ ಎಷ್ಟು ಮರಿ ಅಂದ್ಲು. ದೃಷ್ಟಿ ತಾಗದಿರಲಿ ಅಂತ ಒಂದು ಮಾಷಾ ಅಲ್ಲಾಹ್ ಕೂಡ ಅನ್ನಲಿಲ್ಲ," ಎಂದಳು.

ಜನ್ನೂಬಾ ನಮ್ಮ ಪಕ್ಕದ ಮನೆಯವಳು. ಅವಳ ಕಣ್ಣಿನ ಮೇಲೆ ಅಮ್ಮನಿಗೆ ಮೊದಲಿನಿಂದಲೂ ಅನುಮಾನ. ನಾನು ಅಡುಗೆಮನೆಯ ಚಾಕು ತಂದು ಸತ್ತ ಮರಿಯ ಕತ್ತಿನ ಚೀಲವನ್ನು ಸೀಳಿದೆ. ನೆಂದು ಉಬ್ಬಿದ ಗೋಧಿ, ನೋಡಲು ಬೆಳ್ಳಗೆ, ಚೆನ್ನಾಗಿಯೇ ಇತ್ತು. ಒಂದು ಕಾಳನ್ನು ತೊಳೆದು ಅಂಗೈಯಲ್ಲಿ ಹೊರಳಿಸಿದೆ. ಗೋಧಿಯ ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಗೀರಿರುತ್ತದಲ್ಲ, ಆ ಗೀರಿನೊಳಗೆ ಸೂಜಿಯಿಂದ ಎಳೆದಂತೆ ಗುಲಾಬಿ ಗೆರೆಯಿತ್ತು. ಇನ್ನೊಂದು ಕಾಳು ನೋಡಿದೆ. ಮತ್ತೊಂದು. ಎಲ್ಲದರಲ್ಲೂ ಇತ್ತು.

ಆ ಬಣ್ಣ ನನಗೆ ಗೊತ್ತು. ತಿಂಗಳಿನಿಂದ ನನ್ನ ಉಗುರಿನ ಸಂದಿಯಲ್ಲಿ ಅದೇ ಇದೆ. ಸೊಸೈಟಿಯ ಬಿತ್ತನೆ ಬೀಜಕ್ಕೆ ಬೂಷ್ಟಿಗೊಂದು, ಹುಳಕ್ಕೊಂದು ಔಷಧಿ ಬಳಿದಿರುತ್ತಾರೆ. ಯಾರೂ ತಿನ್ನಬಾರದೆಂದೇ ಗುಲಾಬಿ ಬಣ್ಣ ಸೇರಿಸುತ್ತಾರೆ, ಚೀಲದ ಮೇಲೆ ತಲೆಬುರುಡೆ ಅಚ್ಚು ಹಾಕುತ್ತಾರೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ದೊಡ್ಡಪ್ಪನಿಗೂ ಹೇಳಿದ್ದೆ.

ಹಾಗೆಯೇ ಓಡಿದೆ. ದೊಡ್ಡಪ್ಪ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು.

"ದೊಡ್ಡಪ್ಪ, ಆ ಗೋಧಿ ಬಿತ್ತನೆದಾ?"

"ಬಿತ್ತನೆಗೆ ಅಂತ ತಂದಿದ್ದೆ. ಮಿಕ್ತು. ಮಿಕ್ಕಿದ್ದನ್ನ ಬಿಸಾಡೋಕಾಗುತ್ತಾ?"

"ತಲೆಬುರುಡೆ ಇದೆ ಅಂತ ನಿಮ್ಮ ಮುಂದೇನೇ ಓದಿದ್ನಲ್ಲ!"

"ಓದಿದೆ, ಅದಕ್ಕೇ ತೊಳ್ದೆ. ಒಂದು ನೀರಲ್ಲ, ಮೂರು ನೀರು. ಬುಟ್ಟಿ ಸಮೇತ ಕಾಲುವೆಗೆ ಇಳ್ಸಿ ಉಜ್ಜಿ ಉಜ್ಜಿ ತೊಳ್ದೆ. ಬಣ್ಣ ಹೋಗೋವರ್ಗೂ ಬಿಡ್ಲಿಲ್ಲ. ಎಂಥಾ ಗೋಧಿ ಗೊತ್ತಾ ಅದು? ವಾಸನೆಗೆ ಮೀನುಗಳೇ ಮೇಲೆ ಬಂದು ಬಾಯಿ ಬಿಡ್ತಿದ್ವು, ನಮಗೂ ಕೊಡಿ ಅನ್ನೋ ಹಾಗೆ."

"ಉಸಿರು ಕಟ್ಟಿ ಬಂದವು ದೊಡ್ಡಪ್ಪ."

ಅವರ ಕೈಯಲ್ಲಿದ್ದ ಹಗ್ಗ ನಿಂತಿತು.

"ಬಣ್ಣ ಹೋಯ್ತಲ್ಲೇ," ಎಂದರು.

"ಬಣ್ಣ ಹೋಯ್ತು. ವಿಷ ಕಾಳೊಳಗೆ ಕೂತಿದೆ. ಅಮ್ಮ ಅದನ್ನೇ ಬಾಯಲ್ಲಿ ಹಾಕ್ಕೊಂಡು..."

ಅಲ್ಲಿಯವರೆಗೂ ನಾನು ಮರಿಗಳ ಬಗ್ಗೆ ಮಾತ್ರ ಯೋಚಿಸಿದ್ದೆ.

ವಾಪಸ್ಸು ಬಂದಾಗ ಅಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಉಳಿದ ಮರಿಗಳಿಗೆ ಬೆಳಗಿನ ಪಾಲು ಕೊಟ್ಟು ಮುಗಿಸಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ತಲೆವಸ್ತ್ರದ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು.

"ನಾಲಿಗೆ ದಪ್ಪ ಆದಂಗಿದೆ ಕಣೇ. ನಿನ್ನೆಯಿಂದ್ಲೂ ತುಟಿ ಜುಮ್ಮಂತಿತ್ತು. ಮದುವೆ ಓಡಾಟ ಅಂದ್ಕೊಂಡೆ."

ನಾಹಿದ್ ಕೈಗೆ ಮದರಂಗಿ ಕಲಸುತ್ತಿದ್ದವಳು ಹಾಗೆಯೇ ಎದ್ದು ಬಂದಳು. ಮೊದಲು ಅವಳಿಂದ ಇಮಾದನಿಗೆ, ಅಂದರೆ ಮದುಮಗನಿಗೆ, ಫೋನ್ ಮಾಡಿಸಿ ಆ ಗೋಧಿ ಮುಟ್ಟಬೇಡಿ ಎಂದು ಹೇಳಿಸಿದೆ. ಆಮೇಲೆ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಊರಿನ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಬೀಗಿತ್ತಿ ಉಮ್ಮು ಇಮಾದಳೇ ಫೋನ್ ಮಾಡಿದಳು. ಗಂಟಲು ಎಷ್ಟು ದೊಡ್ಡದೆಂದರೆ ಆಟೋದವನಿಗೂ ಕೇಳಿಸಿತು.

"ಬಿಚ್ಚೇ ಇಲ್ಲ ಕಣಮ್ಮ! ಅಬ್ದುಲ್ ತವ್ವಾಬ್ ಪುಕ್ಕಟೆ ಕೊಟ್ಟ ಅಂದಾಗ್ಲೇ ಇದ್ರಲ್ಲಿ ಏನೋ ಐತೆ ಅಂದ್ಕೊಂಡು ಕೊಟ್ಟಿಗೇಲಿ ನೂಕಿದ್ದೆ!"

ಅಮ್ಮ ಕಣ್ಣು ಮುಚ್ಚಿಕೊಂಡಳು. ವಿಷಕ್ಕಿಂತ ಬೀಗಿತ್ತಿಗೆ ಗೊತ್ತಾದದ್ದೇ ಅವಳಿಗೆ ಹೆಚ್ಚು ಸಂಕಟ.

ಡಾಕ್ಟರ್ ಮಾರ್ಸೆಲ್ ನನ್ನ ವಯಸ್ಸಿನವಳು, ನಾವು ಒಂದೇ ಶಾಲೆಯಲ್ಲಿ ಓದಿದವರು. ಅಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ನಾಡಿ ನೋಡಿದಳು, ಹತ್ತು ಸಲ ಬಾಯಿ ಮುಕ್ಕಳಿಸುವಂತೆ ಮಾಡಿದಳು, ಸೂಜಿ ಹಾಕಿದಳು.

"ಏನು ತಿಂದ್ರಿ, ಚಿಕ್ಕಮ್ಮ?"

"ಏನೂ ತಿಂದಿಲ್ಲ. ಮರಿಗೆ ತಿನ್ನಿಸ್ದೆ."

"ಬಾಯಲ್ಲಾ?"

"ಮತ್ತೆ ಕಾಲಲ್ಲಾ?"

ಮಾರ್ಸೆಲ್ ನಗಲಿಲ್ಲ. "ನುಂಗಿಲ್ವಲ್ಲ, ಬದುಕಿದ್ರಿ. ಆದ್ರೂ ಎರಡು ದಿನ, ಹೊತ್ತಿಗೆ ನಲವತ್ತೈವತ್ತು ಸಲ ಬಾಯಿ ತುಂಬ್ಕೊಂಡಿದ್ದೀರಿ. ಇನ್ನೊಂದು ದಿನ ಹೀಗೇ ಮಾಡಿದ್ರೆ ಮಗಳ ಮದುವೆ ನೀವು ನೋಡ್ತಿರ್ಲಿಲ್ಲ. ಸಂಜೆವರ್ಗೂ ಇಲ್ಲೇ ಮಲಗಿ."

ಮಧ್ಯಾಹ್ನದ ಹೊತ್ತಿಗೆ ಜೊಲ್ಲು ನಿಂತಿತು. ಮಾತು ಸರಿಯಾದ ಕೂಡಲೇ ಅಮ್ಮ ಆಡಿದ ಮೊದಲ ಮಾತು ಇದು:

"ಇನ್ನೂ ಇಪ್ಪತ್ತೊಂದು ನೆಟ್ಟಗೆ ನಿಂತಿವೆ ಕಣೇ. ಇವತ್ತೇ ಕೊಯ್ದುಬಿಡೋಣ. ತಾವಾಗಿ ಸತ್ರೆ ಹರಾಮು, ಕೊಯ್ದ್ರೆ ಹಲಾಲು."

"ಹಲಾಲಾಗುತ್ತೆ. ವಿಷ ಎಲ್ಲಿ ಹೋಗುತ್ತೆ?"

"ಕರುಳು, ಚೀಲ ಎಲ್ಲ ತೆಗೆದು ಬಿಸಾಡ್ತೀನಿ. ಉಪ್ಪು ನಿಂಬೆಹುಳಿ ಹಾಕಿ ತಿಕ್ತೀನಿ."

"ದೊಡ್ಡಪ್ಪನೂ ತಿಕ್ಕೇ ತಿಕ್ಕಿದ್ರು. ನಾಹಿದ್ ತಿನ್ನೋದಮ್ಮ ಅದನ್ನ."

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ಎಂಟಕ್ಕೇ ಹನ್ನೊಂದು ವರ್ಷ. ಒಂದೂ ಇಲ್ಲದಿದ್ದರೆ ಎಷ್ಟು ವರ್ಷ? ಗೋಪುರದ ದೊಡ್ಡ ಪಾರಿವಾಳಗಳನ್ನು ಹಿಡಿಯೋಣವೆಂದರೆ ಅವು ಊರಿನ ಎಲ್ಲ ಹೊಲಗಳಲ್ಲೂ ಮೇಯುತ್ತವೆ. ಆ ವಾರ ಎಲ್ಲ ಹೊಲಗಳಲ್ಲೂ ಅದೇ ಗುಲಾಬಿ ಬೀಜ. ಅದನ್ನು ನಾನು ಹೇಳಬೇಕಾಗಲಿಲ್ಲ.

ಸಂಜೆ ಮನೆಗೆ ಬಂದೆವು. ಬೇಡವೆಂದರೂ ಕೇಳದೆ ಅಮ್ಮ ಮಹಡಿ ಹತ್ತಿದಳು. ಗೂಡಿನಲ್ಲಿ ಇನ್ನೂ ಏಳು ಉರುಳಿದ್ದವು. ನೀರಿನ ಹೂಜಿಯ ಹಿಂದೆ ಜನ್ನೂಬಾಳ ಬೆಕ್ಕು ಬಿದ್ದಿತ್ತು. ಬೆಳಿಗ್ಗೆ ಸೀಳಿದ ಮರಿಯನ್ನು ನಾನು ಅಲ್ಲೇ ಬಿಟ್ಟು ಓಡಿದ್ದೆ; ಅದರ ಕರುಳನ್ನು ಬೆಕ್ಕು ಎಳೆದು ತಿಂದಿತ್ತು. ಎದ್ದು ನಿಲ್ಲಲು ನೋಡುತ್ತದೆ, ಹಿಂಗಾಲು ಪಕ್ಕಕ್ಕೆ ಜಾರುತ್ತದೆ. ಬಾಯಿಂದ ಜೊಲ್ಲು. ಅಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದಳು. ತನ್ನ ಬಾಯನ್ನೊಮ್ಮೆ ಕೈಯಿಂದ ಮುಟ್ಟಿಕೊಂಡಳು.

"ಸುಣ್ಣ ಇದೆಯಾ ಮನೇಲಿ?" ಎಂದಳು.

"ಇದೆ."

"ಗುಂಡಿ ತೋಡು. ಕಾಲುವೆಯಿಂದ ದೂರ."

ಇಪ್ಪತ್ತನಾಲ್ಕನ್ನೂ ಹೂತೆವು. ಬದುಕಿದ್ದ ಹದಿನಾಲ್ಕನ್ನು ಅಮ್ಮನೇ ಕೊಯ್ದಳು. ಗೋಧಿಯ ಚೀಲವನ್ನು ಕಟ್ಟಿ ಸೊಸೈಟಿಗೆ ಹೊರಿಸಿದೆ. ಬೆಕ್ಕು ಸಾಯಲಿಲ್ಲ. ಒಂದು ವಾರ ಮಹಡಿಯ ಕಡೆ ತಲೆ ಹಾಕಲಿಲ್ಲ, ಅಷ್ಟೆ.

ಬುಧವಾರ ಬೆಳಿಗ್ಗೆ ದೊಡ್ಡಪ್ಪ ಬಂದರು. ಕೈಯಲ್ಲಿ ಕಾಲು ಕಟ್ಟಿದ ಐದು ಬಾತುಗಳು, ಮುಖದಲ್ಲಿ ಕಳೆ ಇಲ್ಲ. ಅಂಗಳದಲ್ಲಿ ಬಾತುಗಳನ್ನು ಇಳಿಸಿ ನಿಂತರು. ಕೂತುಕೊಳ್ಳಲಿಲ್ಲ.

"ಇವಕ್ಕೇನು ತಿನ್ನಿಸಿದ್ದೀರಿ, ಭಾವ?" ಎಂದು ಅಮ್ಮ ಕೇಳಿದಳು.

"ತೌಡು. ಬರೀ ತೌಡು. ನಾನೇನು ಕೊಲೆಗಾರನಾ ನಬವಿಯ್ಯಾ?"

"ಹಂಗಂದ್ನಾ?"

"ಮೂರು ನೀರಲ್ಲಿ ತೊಳ್ದಿದ್ದೆ."

"ಗೊತ್ತು ಭಾವ. ನಾನೂ ಏನು ಎತ್ತ ಅಂತ ಕೇಳ್ಲಿಲ್ಲ. ಕೂತ್ಕೊಳ್ಳಿ, ಟೀ ಮಾಡ್ತೀನಿ."

ಕೂತರು. ಗುರುವಾರ ನಿಕಾಹದಲ್ಲಿ ಹೆಣ್ಣಿನ ಕಡೆಯಿಂದ ಅವರೇ ಕೈ ಹಿಡಿದು ಕೊಟ್ಟರು. ಇಡೀ ಹೊತ್ತು ಯಾರೋ ಹಿಂದಿನಿಂದ ಏನೋ ಅನ್ನುತ್ತಾರೆ ಎನ್ನುವಂತೆ ಕತ್ತು ಬಿಗಿ ಹಿಡಿದುಕೊಂಡಿದ್ದರು. ಯಾರೂ ಅನ್ನಲಿಲ್ಲ. ಉಮ್ಮು ಇಮಾದ್ ಇನ್ನೂ ಯಾರಿಗೂ ಹೇಳಿರಲಿಲ್ಲ. ಶುಕ್ರವಾರಕ್ಕೆ ಕಾದಿಟ್ಟಿದ್ದಾಳೆ ಎಂದು ಅಮ್ಮ ಹೇಳಿದಳು.

"ಕಣ್ಣು ಬಿತ್ತು, ಮರಿ ಸತ್ತವು ಅಂತ ಹೇಳಿದ್ರೆ?" ಎಂದು ಶುಕ್ರವಾರ ಬೆಳಿಗ್ಗೆ ತಟ್ಟೆ ಕಟ್ಟುತ್ತ ಅಮ್ಮ ಕೇಳಿದಳು. "ಯಾರೂ ಮಾತಾಡಲ್ಲ. ಭಾವನ ಮರ್ಯಾದೆನೂ ಉಳಿಯುತ್ತೆ."

"ಬೀಗಿತ್ತಿಗೆ ಗೊತ್ತಲ್ಲ."

"ಅದೇ ನೋಡು," ಎಂದಳು ಅಮ್ಮ.

ಬೀಗರ ಮನೆಯ ನಡುಮನೆಯಲ್ಲಿ ಹದಿನೈದು ಹೆಂಗಸರು ಚಾಪೆ ತುಂಬಿ ಕೂತಿದ್ದರು. ಜನ್ನೂಬಾ ಎಲ್ಲರಿಗಿಂತ ಮುಂದೆ. ಉಮ್ಮು ಇಮಾದ್ ತಟ್ಟೆಯ ಬಟ್ಟೆಯನ್ನು ತಾನೇ ಎತ್ತಿದಳು. ತುಪ್ಪದ ಪದರರೊಟ್ಟಿ, ಮೊಟ್ಟೆ, ಗಿಣ್ಣು, ಜೇನು, ಐದು ಬಾತುಗಳು ಕೆಂಪಗೆ ಹುರಿದು ಕೂತಿದ್ದವು.

"ಪಾರಿವಾಳ ಎಲ್ಲಮ್ಮ?" ಎಂದಳು ಜನ್ನೂಬಾ.

ಉಮ್ಮು ಇಮಾದ್ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಕೈ ಎತ್ತಿದಳು.

"ನಾನು ಹೇಳ್ತೀನಿ ಬೀಗಿತ್ತಿ. ನನ್ನ ಮನೆ ಮಾತು ನಾನೇ ಹೇಳ್ತೀನಿ. ಪಾರಿವಾಳ ಇಲ್ಲ. ಇಪ್ಪತ್ತನಾಲ್ಕನ್ನೂ ಹೂತಿದ್ದೀನಿ. ಬಿತ್ತನೆ ಗೋಧಿ ತೊಳೆದು ತಿನ್ನಿಸ್ದೆ. ಬಣ್ಣ ಹೋಗಿತ್ತು, ವಿಷ ಹೋಗಿರ್ಲಿಲ್ಲ. ಈ ಬಾಯಿಂದ, ನನ್ನ ಬಾಯಿಂದ್ಲೇ ಊದಿದ್ದೀನಿ. ಮಂಗಳವಾರ ಆಸ್ಪತ್ರೇಲಿದ್ದೆ. ಯಾರ ಕಣ್ಣೂ ಅಲ್ಲ."

ದೊಡ್ಡಪ್ಪನ ಹೆಸರು ಅವಳು ಎತ್ತಲಿಲ್ಲ. ತೊಳೆದವಳು ತಾನೇ ಎಂಬಂತೆ ನಿಂತಿದ್ದಳು. ಉಮ್ಮು ಇಮಾದ್ ತೆರೆದ ಬಾಯನ್ನು ಹಾಗೆಯೇ ಮುಚ್ಚಿದಳು. ನಾನು ನೋಡುತ್ತಲೇ ಇದ್ದೆ. ಮೂರು ದಿನ ಹಿಡಿದಿಟ್ಟ ಮಾತನ್ನು ನುಂಗುವುದು ಅವಳಿಗೆ ಸುಲಭವಾಗಿರಲಿಲ್ಲ.

"ವಿಷದ ಇಪ್ಪತ್ತನಾಲ್ಕು ತಿಂದು ನನ್ನ ಮಗ ಮಲಗೋದಕ್ಕಿಂತ ಬಾತೇ ಮೇಲು," ಎಂದಳು. "ಏನು ಎಲ್ಲರೂ ಹಂಗೆ ನೋಡ್ತೀರಾ? ನಾಹಿದ್, ತಟ್ಟೆ ಒಳಗೆ ತಗೋ, ಆರಿ ಹೋಗುತ್ತೆ."

ನಾಹಿದ್ ಮದರಂಗಿಯ ಕೈಯಲ್ಲಿ ಬಾತಿನ ಕಾಲೊಂದನ್ನು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡಳು. ಎರಡು ದಿನದಿಂದ ಅವಳು ಸರಿಯಾಗಿ ತಿಂದಿರಲಿಲ್ಲ.

ಯಾರೋ ನಕ್ಕರು. ಮಾತು ಶುರುವಾಯಿತು. ಜನ್ನೂಬಾ ಮಾತ್ರ ನಗಲಿಲ್ಲ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ತೊಳೆದ್ರೂ ಹೋಗಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಹೋಗಲ್ಲ."

"ಬಿಸಿನೀರಲ್ಲಿ ತೊಳೆದ್ರೆ?"

ಅಮ್ಮ ಅವಳನ್ನೇ ನೋಡಿದಳು. "ಎಷ್ಟಿದೆ?"

"ಎರಡು ಬುಟ್ಟಿ. ಮಹಡಿ ಮೇಲೆ ಒಣಗೋಕೆ ಹರಡಿದ್ದೀನಿ. ನಾಳೆ ಮಿಲ್ಲಿಗೆ..."

"ಕೋಳಿಗಳು?"

"ಬಿಟ್ಟೇ ಇವೆ."

ಅಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. "ಏಳೇ, ಕೂತ್ಕೊಂಡು ಏನು ನೋಡ್ತೀಯ! ಇನ್‌ಸಾಫ್, ನೀನೂ ಬಾ, ಚೀಲ ತಗೊಂಡು ಬಾ," ಎಂದು ನನ್ನನ್ನು ಕರೆದಳು. ಬೀಗರ ಮನೆಯಲ್ಲಿ ಟೀ ಸಹ ಕುಡಿಯದೆ ಮೂವರೂ ಕಾಲುವೆಯ ದಂಡೆಯ ಮೇಲೆ ಓಡಿದೆವು. ಮುಂದೆ ಅಮ್ಮ, ರೇಷ್ಮೆಯ ಲಂಗ ಎತ್ತಿ ಹಿಡಿದುಕೊಂಡು, ದಾರಿಯುದ್ದಕ್ಕೂ ಜನ್ನೂಬಾಳನ್ನು ಬೈಯುತ್ತ.