ಮೂರು ಚುಕ್ಕಿಗಳ ಆಚೆ

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುವುದು ನನ್ನ ಕಸುಬು. ಊರಿನ ಎಷ್ಟೋ ಜನ ನಗುವುದು ನನ್ನ ಹಲ್ಲಿನಲ್ಲಿ, ನನಗೆ ಮಾತ್ರ ನಗಲು ಬರುವುದಿಲ್ಲ ಎಂಬುದು ಹೆಂಡತಿಯ ಹಳೇ ದೂರು. ಆ ಪ್ಲಾಸ್ಟರಿನ ಧೂಳು ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಂಪ್ಯೂಟರಿನ ಹೊಟ್ಟೆ ಸೇರಿ, ಈಚೆಗೆ ಅದು ಗುಂಡಿ ಒತ್ತಿದರೆ ಸಾಕು, ಏದುಸಿರು ಬಿಡುತ್ತಿತ್ತು. ಹೊಸದು ತರೋಣ ಎಂದು ಯಾರು ಹೇಳಿದರೂ ನಾನು ಅವರ ಮೇಲೆ ರೇಗಿ ಬೀಳುತ್ತಿದ್ದೆ.

"ಇದು ಒಂದಿನ ಹೊಗೆ ಬಿಟ್ಟು ಕೂತ್ಮೇಲೆ ಇದರೊಳಗೆ ಮಾತ್ರ ಇರೋ ಅಕ್ಕನ ಮೇಲ್‌ಗಳನ್ನ ಎಲ್ಲಿಂದ ತರ್ತೀರಿ?" ಎಂದು ಹೆಂಡತಿ ಕೇಳಿದಳು. ಮಾರನೇ ದಿನವೇ ಹೊಸದಕ್ಕೆ ಹೇಳಿ ಕಳಿಸಿದೆ.

ಅಕ್ಕನ ಮಾತು ಹೇಳಬೇಕು. ಅಮ್ಮನ ಕಂಕುಳಿಗಿಂತ ಅವಳ ಕಂಕುಳಲ್ಲೇ ನಾನು ಹೆಚ್ಚು ಬೆಳೆದವನು. ಬೇರೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಿವೃತ್ತಳಾದ ದಿನವೇ ಕಡ್ಡಿ ಮುರಿದಂತೆ ಹೇಳಿದಳು: "ಇನ್ನು ಫೋನ್ ಮಾತ್ರ ಮುಟ್ಟಲ್ಲ. ಕಿವಿ ಸವೆದುಹೋಗಿದೆ." ಹಾಗಾಗಿ ನಾನೇ ಹೋಗಿ ಈಮೇಲ್ ಕಲಿಸಿದೆ. ವಿಳಾಸ ಕಲಿತಳು, ವಿಷಯ ಬರೆಯುವ ಸಾಲು ಕಲಿತಳು, ಅದರ ಕೆಳಗಿದ್ದ ದೊಡ್ಡ ಜಾಗವನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. ಹೇಳುವುದನ್ನೆಲ್ಲ ವಿಷಯದ ಸಾಲಿನಲ್ಲೇ ತುರುಕಿ ಕಳಿಸುವಳು. "ಮಾತು ಬಾಗಿಲಲ್ಲೇ ಮುಗಿಯೋದಾದ್ರೆ ಒಳಗೆ ಯಾಕೆ ಹೋಗ್ಬೇಕು?" ಎಂಬುದು ಅವಳ ವಾದ. ಅಲ್ಪವಿರಾಮ, ಪೂರ್ಣವಿರಾಮದ ಗೊಡವೆಯೂ ಇಲ್ಲ. 'ತಮ್ಮಾ ಮಂಡಿ ನೋವು ಪರವಾಗಿಲ್ಲ ನಿನ್ನ ಹೆಂಡತಿ ಕೊಟ್ಟ ಎಣ್ಣೆ ಬೆಕ್ಕು ಚೆಲ್ಲಿತು ಬೆಕ್ಕಿನ ಮಂಡಿ ಈಗ ಗಟ್ಟಿಯಾಗಿದೆ' ಎಂಬಂಥ ಮೇಲ್‌ಗಳು. ನನ್ನ ಹಳೇ ಚೌಕ ಪರದೆಯಲ್ಲಿ ಮೊದಲಿನ ನಾಲ್ಕೈದು ಪದ ಕಂಡು, ಮುಂದೆ ಮೂರು ಚುಕ್ಕಿ ಬೀಳುತ್ತಿತ್ತು. ಉಳಿದದ್ದಕ್ಕೆ ತೆರೆಯಬೇಕು. ತೆರೆದರೆ ಒಳಗೆ ಬರೀ ಖಾಲಿ ಹಾಳೆ, ಮೇಲುಗಡೆ ಅಕ್ಕನ ಉದ್ದ ಸಾಲು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಓಡಿಹೋಗಿ, ಎಲ್ಲ ಮುಗಿಸಿ ಬಂದು, ಕೆಲಸ ನೋಡೋಣವೆಂದು ಕಂಪ್ಯೂಟರ್ ಹಾಕಿದರೆ ಅವಳ ಹೆಸರಿನಲ್ಲಿ ಒಂದು ಹೊಸ ಮೇಲ್, ತೆರೆಯದವೆಲ್ಲ ಕೂರುವ ಹಾಗೆ, ದಪ್ಪ ಅಕ್ಷರದಲ್ಲಿ ಕೂತಿತ್ತು. ಮಲಗುವ ಮುಂಚೆ ಕಳಿಸಿದ್ದು. 'ತಮ್ಮಾ ನಿನಗೊಂದು ಮುಖ್ಯವಾದ ವಿಷಯ...' ಆಮೇಲೆ ಮೂರು ಚುಕ್ಕಿ.

ನಾನು ಅದನ್ನು ತೆರೆಯಲಿಲ್ಲ. ತೆರೆದರೆ ಅಕ್ಕನಿಂದ ಬರಬೇಕಾದ್ದೆಲ್ಲ ಬಂದು ಮುಗಿದ ಹಾಗೆ. ತೆರೆಯದಿದ್ದರೆ ಅವಳು ಇನ್ನೂ ಏನೋ ಹೇಳುವುದಿದೆ. ಮೌಸಿನ ಬಾಣ ಅದರ ಹತ್ತಿರ ಹೋದರೂ ಹಿಂದಕ್ಕೆಳೆಯುತ್ತಿದ್ದೆ. ಆ ಚುಕ್ಕಿಗಳ ಆಚೆ ಏನಿರಬಹುದೆಂದು ಮೇಣ ಕೆತ್ತುತ್ತಾ ಯೋಚಿಸದ ದಿನವಿಲ್ಲ. ನನ್ನ ಮೇಲೆ ಮುನಿಸಿತ್ತೇ? ಅಮ್ಮ ಸಾಯುವಾಗ ಏನಾದರೂ ಹೇಳಿದ್ದಳೇ? ಎದೆ ನೋವೆಂದು ಬರೆದಿದ್ದಳೇ, ಆಗಲೇ ನೋಡಿದ್ದರೆ ಬದುಕುತ್ತಿದ್ದಳೇ? ಈ ಕೊನೆಯ ಯೋಚನೆ ಬಂದಾಗ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ. "ಮತ್ತೆ ಎಣ್ಣೆ ಕೇಳಿರ್ತಾರೆ ಬಿಡಿ," ಎಂದು ಹೆಂಡತಿ ಸಮಾಧಾನ ಹೇಳುವಳು. ಹೇಳಿ, ತಾನೇ ಮುಖ ತಿರುಗಿಸಿಕೊಳ್ಳುವಳು.

ಹೊಸ ಕಂಪ್ಯೂಟರ್ ಬಂತು. ಜೊತೆಗೆ ರಿಪೇರಿಯವಳೂ ಬಂದಳು, ಸೊಂಟಕ್ಕೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ, ಮಾತು ಕಮ್ಮಿಯ ಗಟ್ಟಿಗಿತ್ತಿ. ಹಳೇದರ ಮುಚ್ಚಳ ಬಿಚ್ಚಿ, ಒಳಗಿನ ಬಿಳಿ ಧೂಳು ನೋಡಿ ನನ್ನನ್ನೂ ಒಮ್ಮೆ ನೋಡಿದಳು.

"ಇದರಲ್ಲಿ ಹಿಟ್ಟು ಬೀಸ್ತಿದ್ರಾ?"

"ಹಲ್ಲು ಬೀಸ್ತಿದ್ದೆ," ಎಂದೆ.

"ಎಲ್ಲಾ ಸಾಗಿಸೋಕೆ ಹೋದ್ರೆ ಇದು ನಡುವೆ ಕೈ ಕೊಡುತ್ತೆ. ಬೇಕಾದ ಫೋಲ್ಡರ್ ಮಾತ್ರ ಹೇಳಿ."

'ಮೇಲ್ದವಡೆ' ಫೋಲ್ಡರ್ ಬೇಕು ಎಂದೆ. 'ಕೆಳದವಡೆ' ಬೇಕು. 'ತಕರಾರು ಡಾಕ್ಟರು' ಎಂಬ ಫೋಲ್ಡರ್ ಬೇಡವೆಂದೆ. ಹೆಂಡತಿ ಸಾಕ್ಷಿಗೆ ಇರಲಿ ಎಂದಳು. ಜಾಹೀರಾತು, ಹಳೇ ಬಿಲ್ಲು ಎಲ್ಲ ಅಲ್ಲೇ ಬಿಟ್ಟೆವು. ಕೊನೆಗೆ 'ಅಕ್ಕ' ಎಂದಾಗ ನನ್ನ ದನಿ ನನಗೇ ಬೇರೆ ಥರ ಕೇಳಿಸಿತು.

"ಅದರಲ್ಲಿ ಒಂದು ತೆರೆದಿಲ್ಲ. ದಪ್ಪಕ್ಷರದ್ದು. ಪರೀಕ್ಷೆ ಮಾಡ್ತೀನಿ ಅಂತ ಅದನ್ನ ತೆರೀಬಾರದು. ತೆರೆದ್ರೆ ನಾನು ಮನುಷ್ಯನಾಗಿರಲ್ಲ."

ಹೆಂಡತಿ ನನ್ನ ತೋಳು ಹಿಡಿದು, ಅವಳಿಗೆ ಮೆಲ್ಲಗೆ ವಿಷಯ ಹೇಳಿದಳು. "ಮುಟ್ಟಲ್ಲ. ಹಾಗೇ ದಪ್ಪಗೇ ಬರುತ್ತೆ," ಎಂದಳು ರಿಪೇರಿಯವಳು.

ಹಸಿರು ಪಟ್ಟಿ ಇಂಚಿಂಚೇ ತುಂಬುತ್ತಾ ಹೋಯಿತು. ಹಳೇ ಯಂತ್ರ ಕೊನೆಯುಸಿರು ಎಳೆಯುವಂತೆ ಒರಲುತ್ತಿತ್ತು. ನಾನು ಅತ್ತ ನೋಡಲಾರದೆ ಒಂದು ಕೆಳದವಡೆಯನ್ನು ಉಜ್ಜುತ್ತಾ ನಿಂತೆ. ಆಮೇಲೆ ನೋಡಿದರೆ ಒಂದು ದವಡೆಹಲ್ಲು ಅರ್ಧ ಸವೆದುಹೋಗಿತ್ತು.

"ಬನ್ನಿ, ಎಲ್ಲಾ ಬಂದಿದೆ. ಯಾವುದನ್ನೂ ತೆರೆದಿಲ್ಲ," ಎಂದು ಕರೆದಳು.

ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಆದರೆ ಹೊಸ ಪರದೆಯ ಅಗಲವನ್ನು ನಾವು ಮೂವರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗೋಡೆಯುದ್ದ ಹರಡಿಕೊಂಡಿದ್ದ ಆ ಪರದೆಯಲ್ಲಿ ಅಕ್ಕನ ಸಾಲುಗಳೆಲ್ಲ ಪೂರ್ತಿ ಬಿಚ್ಚಿಕೊಂಡಿದ್ದವು. ಎಲ್ಲೂ ಚುಕ್ಕಿಗಳಿಲ್ಲ. ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ಓದಿಯಾಗಿತ್ತು.

'ತಮ್ಮಾ ನಿನಗೊಂದು ಮುಖ್ಯವಾದ ವಿಷಯ ಹೇಳಬೇಕು ಅಂತ ಕೂತೆ ಕೂತ ಮೇಲೆ ಮರೆತೇ ಹೋಯಿತು ನೆನಪಾದಾಗ ಹೇಳ್ತೀನಿ ಈಗ ಮಲಗು'

ಮೊದಲು ನನಗೆ ಬಂದದ್ದು ಸಿಟ್ಟು. ಎರಡು ವರ್ಷ ಕಾಯಿಸಿ ಇದನ್ನೇ ಹೇಳೋದಾ ಅಕ್ಕ? ಹಿಂದೆಯೇ ನಗು ಬಂತು, ಹೆಂಡತಿ ದೂರುತ್ತಿದ್ದಳಲ್ಲ, ಆ ಬಾರದ ನಗು. ನಗುತ್ತಾ ನಗುತ್ತಾ ಸ್ಟೂಲಿನ ಮೇಲೆ ಕೂತು, ಅಕ್ಕ ಸತ್ತಾಗ ಅಳದೇ ಉಳಿಸಿಕೊಂಡದ್ದನ್ನೆಲ್ಲ ಅತ್ತೆ. ಮುನಿಸಿರಲಿಲ್ಲ, ಎದೆ ನೋವಿರಲಿಲ್ಲ. ಅವಳಿಗೆ ನೆನಪಾಗುವುದೊಂದು ಬಾಕಿ ಇತ್ತು, ಅಷ್ಟೇ. ಇನ್ನು ನೆನಪಾಗಲು ಅವಳೇ ಇಲ್ಲ.

ರಿಪೇರಿಯವಳು ಪೆಚ್ಚಾಗಿ ನಿಂತಿದ್ದಳು. "ಇದು ನಂಗೆ ಹೊಳೀಲೇ ಇಲ್ಲ," ಎಂದಳು. ಹೆಂಡತಿ ನನ್ನ ತಲೆಯ ಮೇಲೆ ಕೈಯಿಟ್ಟಳು.

ಮುಖ ಒರೆಸಿಕೊಂಡು ರಿಪೇರಿಯವಳನ್ನು ಕೇಳಿದೆ, "ಈ ಸಾಲನ್ನ ಮೊದಲಿನಷ್ಟು ಗಿಡ್ಡ ಮಾಡೋಕಾಗುತ್ತಾ?"

ಅವಳು ಸಾಲಿನ ಅಂಚನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ಎಳೆದಳು. 'ಈಗ ಮಲಗು' ಹೋಯಿತು. 'ನೆನಪಾದಾಗ ಹೇಳ್ತೀನಿ' ಹೋಯಿತು.

"ಸಾಕಾ?"

"ಇನ್ನೂ ಸ್ವಲ್ಪ," ಎಂದೆ.

'ತಮ್ಮಾ ನಿನಗೊಂದು ಮುಖ್ಯವಾದ ವಿಷಯ...' ಎಂದಾದಾಗ, ಸಾಕು ಎಂದೆ. ಅಕ್ಷರ ಇನ್ನೂ ದಪ್ಪಗೇ ಇತ್ತು. ಅವಳು ಹಳೇ ಕಂಪ್ಯೂಟರಿನ ತಂತಿ ಕಿತ್ತಳು, ನಾನು ಹಾಳು ಮಾಡಿದ ದವಡೆಹಲ್ಲನ್ನು ಕಿತ್ತು ಹೊಸದಕ್ಕೆ ಮೇಣ ಕಾಯಿಸಲು ಇಟ್ಟೆ.